ಎರಡು ಹೆಸರಿನ ಷೇರು

ಜನವರಿ ೧೧

ಅಣ್ಣನಿಗೆ,

ಇಲ್ಲಿ ಕ್ಷೇಮ ಅಂತ ಮೊದಲ ಸಾಲಿನಲ್ಲೇ ಬರೆಯಬೇಕು. ಆದರೆ ನಿನ್ನೆ ಮಧ್ಯಾಹ್ನ ಕೆಟ್ಟ ಕನಸು ಬಿದ್ದು ಆ ಸಾಲು ಬರೆಯುವ ಧೈರ್ಯ ಹೋಗಿದೆ. ವಾರದ ರಜೆ, ಊಟ ಮಾಡಿ ಸ್ವಲ್ಪ ಒರಗಿದ್ದೆ. ಕನಸಿನಲ್ಲಿ ನಮ್ಮ ಅಂಗಡಿಯ ಬಿಲ್ಲಿನ ಕೌಂಟರಿನಲ್ಲಿ ಕೂತಿದ್ದೇನೆ. ನನ್ನ ಕೆಲಸ ಕೌಂಟರಿನದಲ್ಲ, ಕಪಾಟುಗಳಿಗೆ ಬೆಲೆಚೀಟಿ ಅಂಟಿಸುವುದು, ಅದು ನಿನಗೂ ಗೊತ್ತು. ಆದರೂ ಕೂತಿದ್ದೇನೆ. ಉದ್ದಕ್ಕೆ ಜನ ನಿಂತಿದ್ದಾರೆ. ಅವರ ನಡುವೆ ನೀನು ಬಂದೆ, ಕೈಯಲ್ಲಿ ಸಾಮಾನೇನೂ ಇಲ್ಲ. ನಾನು ಮುಖ ಎತ್ತಿಯೂ ನೋಡದೆ "ಚೀಲ ಬೇಕಾ?" ಅಂದೆ. "ಬೇಡ" ಅಂದು ನೀನು ಹೊರಟೇ ಹೋದೆ. ಅದು ನೀನು ಅಂತ ಹೊಳೆಯುವ ಹೊತ್ತಿಗೆ ಹಿಂದಿನವರು ಎಣ್ಣೆ ಡಬ್ಬ ತಂದು ಇಟ್ಟಾಗಿತ್ತು. ಅಷ್ಟಕ್ಕೆ ಎಚ್ಚರವಾಯಿತು. ಬ್ಯಾಗು ರಿಪೇರಿ ಮಾಡುವವನಿಗೇ ಚೀಲ ಬೇಕಾ ಅಂತ ಕೇಳಿದೆನಲ್ಲ ಅಂತ ಆಮೇಲೆ ಒಬ್ಬಳೇ ನಕ್ಕೆ. ನಗು ಬಂದರೂ ಭಯ ಹೋಗಲಿಲ್ಲ. ನಿನ್ನ ಆರೋಗ್ಯ ಸರಿಯಾಗಿದೆ ತಾನೆ?

ನಿನ್ನ ಕಾಗದ ಬಂದು ವಾರವಾಯಿತು. ಅಮ್ಮನ ಬಿಸ್ಕತ್ತು ಕಂಪನಿಯ ಷೇರು ಮಾರಿಬಿಡೋಣ ಅಂತ ಬರೆದಿದ್ದೀಯ. ಅಷ್ಟು ಸುಲಭವಾಗಿ ಹೇಗೆ ಬರೆದೆಯೋ. ಪ್ಯಾಕಿಂಗ್ ವಿಭಾಗದಲ್ಲಿ ನಿಂತು ನಿಂತು ಅಮ್ಮನ ಕಾಲು ಊದಿದ ಕಾಲದ್ದು ಅದು. ಬೋನಸ್ಸಿನ ಬದಲು ಷೇರು ಕೊಡ್ತೀವಿ ಅಂದಾಗ ಬೇರೆಯವರೆಲ್ಲ ಗೊಣಗಿ ಮಾರಿಕೊಂಡರು. ಅಮ್ಮ ಮಾತ್ರ ನಮ್ಮಿಬ್ಬರ ಹೆಸರಿಗೂ ಸೇರಿಸಿ ಬರೆಸಿಟ್ಟಳು. ಒಬ್ಬರು ಮಾರಬೇಕಂದರೆ ಇನ್ನೊಬ್ಬರ ಸಹಿ ಬೇಕು. "ಈ ಎರಡು ಮುಖ ಒಂದು ಮೇಜಿನ ಮುಂದೆ ಕೂರೋಕೆ ಏನಾದರೂ ಒಂದು ನೆಪ ಇರಲಿ" ಅಂದಿದ್ದಳು, ನೀನೂ ಅಲ್ಲೇ ಇದ್ದೆ.

ಮೇಜಂತೂ ಸಿಗಲಿಲ್ಲ. ಅಮ್ಮ ತೀರಿಕೊಂಡು ಅವಳ ಮನೆ ಖಾಲಿ ಮಾಡಿದ ದಿನ ನಾವು ಆಡಿದ ಮಾತುಗಳಾದ ಮೇಲೆ, "ಫೋನ್ ಮಾಡಬೇಡ, ಬರೀ ಜಗಳ ಆಗುತ್ತೆ. ಷೇರಿನ ವಿಷಯ ಏನಾದರೂ ಇದ್ದರೆ ಕಾಗದ ಬರಿ" ಅಂತ ನೀನೇ ಅಂದೆ. ಹಾಗಾಗಿ ಷೇರಿನ ವಿಷಯವೇ ಬರೆಯುತ್ತಿದ್ದೇನೆ. ಪೇಟೆ ಬಿದ್ದಿದೆ ಅಂತ ಪೇಪರಿನಲ್ಲಿ ಬಂದಿದೆ. ನಮ್ಮ ಸೂಪರ್‌ವೈಸರ್ ಆಟದ ಪುಟ ಓದಿ ಬಿಟ್ಟ ಮೇಲೆ ವಾಣಿಜ್ಯದ ಪುಟ ನನ್ನದು. ಬೆರಳಿಟ್ಟು ಒಂದೊಂದೇ ಸಾಲು ಇಳಿದು ನಮ್ಮ ಕಂಪನಿ ಹುಡುಕುತ್ತೇನೆ. ಬಿದ್ದ ಹೊತ್ತಿನಲ್ಲಿ ಯಾರಾದರೂ ಮಾರುತ್ತಾರಾ? ಈಗ ಬೇಡ.

ಚಳಿಗೆ ಕಿವಿ ಮುಚ್ಚಿಕೊ.

ನಿನ್ನ ತಂಗಿ


ಜನವರಿ ೨೬

ಗಾಬರಿಗೆ,

ಆರೋಗ್ಯ ಸರಿಯಾಗಿದೆ. ಕನಸಿನಲ್ಲಿ ನಾನು ಚೀಲ ಬೇಡ ಅಂದದ್ದು ಸರಿಯೇ ಇದೆ, ನಿಮ್ಮ ಅಂಗಡಿ ಚೀಲದ ಹಿಡಿ ಎರಡು ದಿನಕ್ಕೆ ಕಿತ್ತುಬರುತ್ತೆ. ಅದನ್ನೂ ಹೊಲಿದುಕೊಡಿ ಅಂತ ತಂದವರಿದ್ದಾರೆ ಇಲ್ಲಿ.

ವಿಷಯಕ್ಕೆ ಬರುತ್ತೇನೆ. ಕೆಲಸ ಇಲ್ಲ. ಮೊದಲೆಲ್ಲ ಜನರ ಕೈಲಿ ದುಡ್ಡು ಕಡಿಮೆಯಾದರೆ ನಮ್ಮಂಥವರಿಗೆ ಕೆಲಸ ಜಾಸ್ತಿ ಬರುತ್ತಿತ್ತು. ಸೂಟ್‌ಕೇಸಿನ ಚಕ್ರ ಹೋಯಿತಾ, ಹಾಕಿಸು. ಜಿಪ್ಪು ಹೋಯಿತಾ, ಬದಲಾಯಿಸು. ಈಗ ಕಷ್ಟ ಬಂದರೂ ಹೊಸದೇ ಕೊಳ್ಳುತ್ತಾರೆ, ಕಂತಿನಲ್ಲಿ. ಮೊನ್ನೆ ಒಬ್ಬರು ಬಂದು ಚಕ್ರ ಹಾಕಲು ಎಷ್ಟು ಅಂದರು. ಹೇಳಿದೆ. "ಅಷ್ಟಕ್ಕೆ ಹೊಸ ಸೂಟ್‌ಕೇಸಿನ ಮೊದಲ ಕಂತು ಬರುತ್ತಲ್ರೀ" ಅಂದರು. "ಹಾಗಾದರೆ ಕೊನೇ ಕಂತಿಗೆ ನನ್ನ ಹತ್ತಿರ ಬನ್ನಿ, ಅಷ್ಟರಲ್ಲಿ ಚಕ್ರ ಬಿದ್ದಿರುತ್ತೆ" ಅಂದೆ. ನಕ್ಕು ಹೋದರು. ನಗುವವರೆಲ್ಲ ಬರುತ್ತಾರೆ, ಕೊಡುವವರು ಬರುವುದಿಲ್ಲ.

ಮಾಲೀಕ ಬಾಡಿಗೆ ಏರಿಸಿದ್ದಾನೆ. ಬಸ್ ನಿಲ್ದಾಣದ ಒಳಗೆ ಒಂದು ಸಣ್ಣ ಕಟ್ಟೆ ಖಾಲಿಯಾಗಲಿದೆ. ಪ್ರಯಾಣಿಕರ ಬ್ಯಾಗು ಅಲ್ಲೇ ಕಿತ್ತು ಅಲ್ಲೇ ಹೊಲಿಸಿಕೊಳ್ಳುವ ಜಾಗ. ಅದಕ್ಕೆ ಮುಂಗಡ ಕೊಡಬೇಕು. ಷೇರು ಮಾರಿದರೆ ನನ್ನ ಅರ್ಧದಲ್ಲಿ ಆಗುತ್ತೆ. ಇಲ್ಲದಿದ್ದರೆ ಬೇಸಿಗೆ ಕಳೆಯುವುದರೊಳಗೆ ಬಾಗಿಲು ಹಾಕಬೇಕು. ಯೋಚನೆ ಮಾಡು, ಆದರೆ ನಿನ್ನ ಥರ ಮಾಡಬೇಡ.

ಅಣ್ಣ


ಫೆಬ್ರವರಿ ೧೨

ಅಣ್ಣನಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಬಾಗಿಲು ಹಾಕುವ ಮಾತು ಯಾಕೆ ಬರೆದೆ? ಮಾಲೀಕನ ಹತ್ತಿರ ಇನ್ನೊಂದು ಸಲ ಮಾತಾಡಿ ನೋಡು. ನೀನು ಮಾತಾಡುವಾಗ ಹುಬ್ಬು ಗಂಟು ಹಾಕಿಕೊಳ್ಳುತ್ತೀಯ, ಅದನ್ನು ಬಿಟ್ಟು ಮಾತಾಡು.

ಪೇಟೆ ಈಗ ಏರುತ್ತಿದೆಯಂತೆ. ನಮ್ಮ ಕಂಪನಿಯದೂ ಸ್ವಲ್ಪ ಏರಿದೆ, ದಿನಾ ನೋಡುತ್ತಿದ್ದೇನೆ. ಏರುತ್ತಿರುವಾಗ ಮಾರಿದರೆ ಆಮೇಲೆ ಹೊಟ್ಟೆ ಉರಿದುಕೊಳ್ಳಬೇಕಾಗುತ್ತದೆ. ಇನ್ನೂ ಒಂದಿಷ್ಟು ಏರಲಿ ಅಂತ ನನ್ನ ಮನಸ್ಸು.

ಆದರೆ ಜನರ ಕೈಯಲ್ಲಿ ದುಡ್ಡಿಲ್ಲ ಅನ್ನುವುದು ನನಗೂ ಕಾಣುತ್ತಿದೆ. ಬಿಲ್ಲಿನ ಕೌಂಟರಿನ ಕೆಳಗೆ ನಮ್ಮಲ್ಲಿ ಒಂದು ಕೆಂಪು ಬುಟ್ಟಿ ಇಡುತ್ತಾರೆ. ಬಿಲ್ಲು ಹಾಕಿಸುವಾಗ ಮೊತ್ತ ನೋಡಿ ಜನ "ಇದು ಬೇಡ, ಇದನ್ನ ತೆಗೀರಿ" ಅಂತ ಬಿಟ್ಟುಹೋಗುವ ಸಾಮಾನು ಅದರಲ್ಲಿ ಬೀಳುತ್ತದೆ. ಅದನ್ನೆಲ್ಲ ವಾಪಸ್ಸು ಅದರದರ ಕಪಾಟಿಗೆ ಸೇರಿಸುವುದೂ ನನ್ನ ಪಾಲಿನ ಕೆಲಸ. ಹೋದ ವರ್ಷ ಬುಟ್ಟಿಯ ತಳ ಕಾಣುತ್ತಿತ್ತು. ಈಗ ಸಂಜೆಯ ಹೊತ್ತಿಗೆ ತುಂಬಿರುತ್ತದೆ. ಮೊದಲು ಮುಖದ ಕ್ರೀಮು ಬೀಳುತ್ತಿತ್ತು, ಆಮೇಲೆ ಚೀಸು, ಈಗ ಸೋಪೂ ಬೀಳುತ್ತಿದೆ. ನಿನ್ನೆ ಒಬ್ಬರು ಮುದುಕರು ಬೆಕ್ಕಿನ ಊಟದ ಡಬ್ಬ ಇಟ್ಟುಕೊಂಡು ತಮಗೆ ತೆಗೆದುಕೊಂಡಿದ್ದ ಬೆಣ್ಣೆ ಬಿಟ್ಟು ಹೋದರು. ಕೌಂಟರಿನ ಹುಡುಗಿ, "ಆಂಟಿ, ಆ ಬೆಕ್ಕೇ ನನಗಿಂತ ಚೆನ್ನಾಗಿ ಬದುಕ್ತಿದೆ ನೋಡಿ" ಅಂದಳು. ಮನೆಯಲ್ಲಿ ಅವರಿಗೆ ಮಾತಾಡಲು ಆ ಬೆಕ್ಕೊಂದೇ ಇದ್ದೀತು ಅಂತ ನನಗನ್ನಿಸಿತು.

ಬಿಸ್ಕತ್ತನ್ನು ಮಾತ್ರ ಯಾರೂ ಬುಟ್ಟಿಗೆ ಬಿಟ್ಟಿಲ್ಲ. ಅದಕ್ಕೇ ಧೈರ್ಯ ನನಗೆ. ಸ್ವಲ್ಪ ತಾಳು.

ಬೇಗ ಉತ್ತರ ಬರಿ.

ನಿನ್ನ ತಂಗಿ


ಮಾರ್ಚ್ ೪

ಗಾಬರಿಗೆ,

ಬಿದ್ದಾಗ ಬಿದ್ದಿದೆ ಬೇಡ. ಏರಿದಾಗ ಏರುತ್ತಿದೆ ಬೇಡ. ಮತ್ತೆ ಪೇಟೆ ನಿನಗೋಸ್ಕರ ಯಾವ ದಿಕ್ಕಿಗೆ ಹೋಗಬೇಕು ಅಂತ ಒಂದು ಸಲ ಹೇಳಿಬಿಡು, ನಾನೇ ಹೋಗಿ ಅವರಿಗೆ ತಿಳಿಸುತ್ತೇನೆ.

ನಿನ್ನ ಬುಟ್ಟಿಯ ಪುರಾಣ ಅಂಗಡಿಯಲ್ಲಿ ಜೋರಾಗಿ ಓದಿದೆ. ಹ್ಯಾಂಡ್‌ಬ್ಯಾಗಿನ ಪಟ್ಟಿ ಹಾಕಿಸಲು ಬಂದಿದ್ದ ನರ್ಸಮ್ಮ ಕೂತು ಪೂರ್ತಿ ಕೇಳಿದರು. ಬೆಕ್ಕಿನವರ ಕತೆ ಮುಂದೇನಾಯಿತು ಅಂತ ಮೊನ್ನೆ ದಾರಿಯಲ್ಲಿ ನಿಲ್ಲಿಸಿ ಕೇಳಿದರು. ನನಗೇನು ಗೊತ್ತು ಅಂದೆ.

ಷೇರು ಮಾರುವ ಚೀಟಿ ಇದರೊಳಗೆ ಇಟ್ಟಿದ್ದೇನೆ. ನನ್ನ ಸಹಿ ಮಾಡಿದ್ದೇನೆ. ನಿನ್ನದು ಮಾಡಿ ಕಳಿಸು. ಕಟ್ಟೆಗೆ ಇನ್ನೂ ಇಬ್ಬರು ಕಣ್ಣು ಹಾಕಿದ್ದಾರೆ. ನಿಲ್ದಾಣದವರು ಮೇ ಬರುವ ತನಕ ನನಗಾಗಿ ಕಾಯುತ್ತೇವೆ ಅಂದಿದ್ದಾರೆ, ಅದರ ಮೇಲೆ ಇಲ್ಲ.

ಅಣ್ಣ


ಮಾರ್ಚ್ ೨೨

ಅಣ್ಣನಿಗೆ,

ಚೀಟಿ ಸೇರಿತು. ಜೋಪಾನವಾಗಿ ಇಟ್ಟಿದ್ದೇನೆ. ಸಹಿಗೆ ನೀಲಿ ಶಾಯಿ ಆಗುತ್ತದಾ ಕಪ್ಪೇ ಬೇಕಾ ಅಂತ ನೀನು ಬರೆದಿಲ್ಲ. ನೀನು ಕಪ್ಪಿನಲ್ಲಿ ಮಾಡಿದ್ದೀಯ. ನಾನು ನೀಲಿಯಲ್ಲಿ ಮಾಡಿ ಅವರು ತಿರಸ್ಕರಿಸಿದರೆ ಮತ್ತೆ ಮೊದಲಿನಿಂದ ಆಗಬೇಕಲ್ಲ. ಅದೊಂದು ತಿಳಿದುಕೊಂಡು ಬರಿ.

ಬೆಕ್ಕಿನವರು ಮತ್ತೆ ಬಂದಿದ್ದರು, ನರ್ಸಮ್ಮನಿಗೆ ಹೇಳು. ಈ ಸಲ ಬೆಣ್ಣೆ ಎತ್ತಿಕೊಳ್ಳಲೇ ಇಲ್ಲ, ಕಪಾಟಿನ ಮುಂದೆ ನಿಂತು ನನ್ನ ಬೆಲೆಚೀಟಿ ಓದಿ ಹೋದರು. ನಾನು ಹತ್ತಿರದಲ್ಲೇ ಸ್ಟೂಲಿನ ಮೇಲೆ ನಿಂತಿದ್ದೆ. ಹಿಂದಿನ ವಾರಕ್ಕಿಂತ ಜಾಸ್ತಿ ಬೆಲೆಯ ಚೀಟಿ ಅಂಟಿಸಿದ್ದವಳು ನಾನೇ. ನಾನೇ ಏರಿಸಿದ ಹಾಗೆ ಮುಖ ತಿರುಗಿಸಿಕೊಂಡೆ.

ನಿನ್ನ ಅಂಗಡಿಯಲ್ಲಿ ನನ್ನ ಕಾಗದ ಓದಿದೆ ಅಂತ ಬರೆದಿದ್ದೀಯ. ನನ್ನ ಅಕ್ಷರ, ನನ್ನ ಓದು ಎಷ್ಟು ಅಂತ ನಿನಗೆ ಗೊತ್ತೇ ಇದೆ. ಏಳನೇ ಕ್ಲಾಸಿನ ನಡುವೆಯೇ ಅಮ್ಮ ಬಿಡಿಸಿದಳು. ಜನರೆದುರು ಓದುತ್ತೀಯ ಅಂತ ಗೊತ್ತಿದ್ದರೆ ಸ್ವಲ್ಪ ನೋಡಿ ಬರೆಯುತ್ತಿದ್ದೆ. ಆದರೂ ಓದು. ಮುಂದಿನದನ್ನು ಚೊಕ್ಕವಾಗಿ ಬರೆಯುತ್ತೇನೆ.

ಶಾಯಿಯ ವಿಷಯ ಮರೆಯಬೇಡ.

ನಿನ್ನ ತಂಗಿ


ಏಪ್ರಿಲ್ ೧೩

ಅಣ್ಣನಿಗೆ,

ಇದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ನಗಬೇಡ. ಯಾರೆದುರೂ ಓದಲೂಬೇಡ.

ಬೆಳಗ್ಗೆ ನಮ್ಮ ಕಂಪನಿಯ ಬಿಸ್ಕತ್ತು ಹೊಸದಾಗಿ ಬಂದಿತ್ತು. ಪೆಟ್ಟಿಗೆ ಒಡೆದು ಕಪಾಟಿಗೆ ಜೋಡಿಸುವಾಗ ಕೈಗೆ ಏನೋ ಬೇರೆ ಅನ್ನಿಸಿತು. ಅಮ್ಮ ಮನೆಗೆ ತರುತ್ತಿದ್ದ ಒಡಕು ಬಿಸ್ಕತ್ತು ತಿಂದು ಬೆಳೆದವರು ನಾವು, ಆ ಪೊಟ್ಟಣದ ತೂಕ ಅಂಗೈಗೆ ಗೊತ್ತಿಲ್ಲವಾ? ಹಳೆಯದೊಂದು ಹಿಂದಿನ ಸಾಲಿನಲ್ಲಿ ಉಳಿದಿತ್ತು, ಪಕ್ಕದಲ್ಲಿಟ್ಟು ನೋಡಿದೆ. ಬೆಲೆ ಅದೇ, ಚಿತ್ರ ಅದೇ, ಹೊಸದು ಗಿಡ್ಡ. ಎರಡು ಬಿಸ್ಕತ್ತು ಕಡಿಮೆ ಹಾಕಿದ್ದಾರೆ ಅಣ್ಣ! ಹಿಟ್ಟು ಕೊಳ್ಳಲೂ ಅವರ ಹತ್ತಿರ ಗತಿಯಿಲ್ಲ ಅಂತ ತಾನೆ ಇದರ ಅರ್ಥ? ಅಮ್ಮ ಇದ್ದಾಗ ಪೊಟ್ಟಣದಲ್ಲಿ ಒಂದು ಕಡಿಮೆ ಬಿದ್ದರೆ ಮೇಲಿನವರು ಇಡೀ ಸಾಲು ನಿಲ್ಲಿಸಿ ಬೈಯುತ್ತಿದ್ದರು. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಗಂಜಿಗೆ ನೀರು ಜಾಸ್ತಿ ಹಾಕುತ್ತಿದ್ದಳಲ್ಲ ಅಮ್ಮ, ಇದೂ ಹಾಗೆಯೇ. ಕಂಪನಿ ಮುಳುಗುತ್ತಿದೆ. ಪೇಟೆಯವರಿಗೆ ಇನ್ನೂ ಗೊತ್ತಾಗಿಲ್ಲ, ಬೆಲೆ ಬಿದ್ದಿಲ್ಲ. ಗೊತ್ತಾಗುವ ಮೊದಲೇ ಮಾರಿಬಿಡು.

ಚೀಟಿಗೆ ಸಹಿ ಮಾಡಿದ್ದೇನೆ. ಕಪ್ಪು ಶಾಯಿಯಲ್ಲೇ. ಒಳಗಿದೆ. ನಾನು ತಡ ಮಾಡಿ ನಿನ್ನ ಕಟ್ಟೆ ಕೈತಪ್ಪಿದರೆ ಅಂತ ನೆನೆದರೆ ಜೀವ ಹೋಗುತ್ತದೆ. ನಾಳೆ ಅನ್ನಬೇಡ, ಇದು ಕೈಗೆ ಸಿಕ್ಕ ದಿನವೇ ಹೋಗು.

ನಿನ್ನ ತಂಗಿ


ಏಪ್ರಿಲ್ ೨೮

ಗಾಬರಿಗೆ,

ಮಾರಿಯಾಯಿತು. ನಿನ್ನ ಅರ್ಧ ನಿನ್ನ ಬ್ಯಾಂಕಿಗೆ ಬಂದಿರುತ್ತೆ, ಹೋಗಿ ನೋಡು. ಕಟ್ಟೆಗೆ ಮುಂಗಡ ಕೊಟ್ಟೆ. ಸಾಮಾನು ಸಾಗಿಸುವುದು ನಡೆದಿದೆ. ಮೇಲೆ ತಗಡು, ಮುಂದೆ ಬಸ್ಸು, ಹಿಂದೆ ಟೀ ಅಂಗಡಿ. ಕಿವಿಗೆ ಬಿಡುವಿಲ್ಲ.

ಕಂಪನಿ ಮುಳುಗುತ್ತೋ ತೇಲುತ್ತೋ, ಇನ್ನು ನಮಗೇನು. ಪೇಪರಿನಲ್ಲಿ ಬೆರಳಿಟ್ಟು ಹುಡುಕುವ ಕೆಲಸ ನಿನಗಿನ್ನು ಇಲ್ಲ. ನಿಶ್ಚಿಂತೆಯಾಗಿರು.

ಅಣ್ಣ


ಜೂನ್ ೨

ಅಣ್ಣನಿಗೆ,

ನಿನಗೆ ಗೊತ್ತಾಗಿರಬೇಕು. ಗೊತ್ತಾಗಿಲ್ಲದಿದ್ದರೆ ನನ್ನಿಂದಲೇ ಗೊತ್ತಾಗಲಿ, ಬೇರೆಯವರ ಬಾಯಿಂದ ಬೇಡ. ನಮ್ಮ ಕಂಪನಿಯ ಷೇರು ಜಿಗಿದಿದೆ. ನಾವು ಮಾರಿದ ಬೆಲೆ ಈಗ ನೆಲದಲ್ಲಿ ಕೂತ ಹಾಗೆ ಕಾಣುತ್ತದೆ. ನೋಡಬಾರದು ಅಂದುಕೊಂಡಿದ್ದೆ, ಅಭ್ಯಾಸಬಲ, ಬೆರಳು ತಾನಾಗಿ ಆ ಸಾಲಿಗೆ ಇಳಿಯಿತು.

ಸೂಪರ್‌ವೈಸರನ್ನು ಕೇಳಿದೆ, ಮುಳುಗುವ ಕಂಪನಿ ಹೀಗೇಕೆ ಏರಿತು ಅಂತ. ಆತ ನಗಲು ಶುರು ಮಾಡಿದ. "ಎರಡು ಬಿಸ್ಕತ್ತು ಕಡಿಮೆ ಹಾಕಿ ಅದೇ ಬೆಲೆಗೆ ಮಾರಿದರೆ ಲಾಭ ಯಾರಿಗಮ್ಮಾ? ಅದು ಮುಳುಗೋದಲ್ಲ, ಅದು ಬುದ್ಧಿವಂತಿಕೆ. ಜನ ಗಮನಿಸೋದೇ ಇಲ್ಲ" ಅಂದ. ನಾನು ಗಮನಿಸಿದೆನಲ್ಲ ಅಂದೆ. "ಗಮನಿಸಿ ಏನು ಮಾಡಿದಿರಿ?" ಅಂದ. ಮಾರಿದೆ ಅನ್ನುವ ಬದಲು ಪೇಪರು ಮಡಿಸಿಟ್ಟು ಎದ್ದು ಬಂದೆ.

ನಿನ್ನ ದುಡ್ಡೂ ಹೋಯಿತು ನನ್ನಿಂದ. ನಿಲ್ದಾಣದವರನ್ನು ಕೇಳಿಕೊಂಡು ಇನ್ನೊಂದು ತಿಂಗಳು ಕಾದಿದ್ದರೆ ಕಟ್ಟೆಯ ಜೊತೆಗೆ ನಿನಗೊಂದು ಒಳ್ಳೆಯ ಹೊಲಿಗೆ ಯಂತ್ರವೂ ಬರುತ್ತಿತ್ತೇನೋ. ನೀನು ಬೈಯಬೇಕು. ಏನು ಬೈಯಬೇಕೋ ಬೈದು ಬರಿ, ನಾನೇನೂ ಅಂದುಕೊಳ್ಳುವುದಿಲ್ಲ.

ನಿನ್ನ ತಂಗಿ


ಜುಲೈ ೧೫

ಅಣ್ಣನಿಗೆ,

ಹಿಂದಿನ ಕಾಗದ ಸೇರಿತಾ? ಹಳೇ ಅಂಗಡಿಯ ವಿಳಾಸಕ್ಕೆ ಹೋಗಿ ಮಾಲೀಕನ ಕೈಗೆ ಸಿಕ್ಕಿತಾ ಅಂತ ಯೋಚನೆ. ಇದನ್ನು ಬಸ್ ನಿಲ್ದಾಣದ ಒಳಗೆ, ಬ್ಯಾಗು ರಿಪೇರಿ ಕಟ್ಟೆ, ಟೀ ಅಂಗಡಿಯ ಮುಂದೆ ಅಂತ ಬರೆದು ಹಾಕುತ್ತಿದ್ದೇನೆ.

ಸಿಟ್ಟಾ?

ಬೆಕ್ಕಿನವರು ಬಂದು ಬಹಳ ದಿನ ಆಯಿತು. ಬೇರೆ ಅಂಗಡಿಗೆ ಹೋಗುತ್ತಿರಬಹುದು.

ನಿನ್ನ ತಂಗಿ


ಆಗಸ್ಟ್ ೭

ಗಾಬರಿಗೆ,

ಎರಡು ಕಾಗದವೂ ಸೇರಿವೆ. ಸಿಟ್ಟಿಲ್ಲ. ಹೋದದ್ದು ಹೋಯಿತು. ಕಟ್ಟೆ ನಡೆಯುತ್ತಿದೆ. ಆರೋಗ್ಯ ಸರಿ. ಬರೆಯಲು ಬೇರೆ ವಿಷಯ ಇಲ್ಲ.

ಅಣ್ಣ


ಅಕ್ಟೋಬರ್ ೧೯

ಅಣ್ಣನಿಗೆ,

ಬರೆಯಲು ವಿಷಯ ಇಲ್ಲ ಅಂತ ನೀನು ಬರೆದ ಮೇಲೆ ನಾನೂ ಹುಡುಕಿದೆ. ನಿಜವಾಗಿಯೂ ಇರಲಿಲ್ಲ. ಬುಟ್ಟಿ ಹಾಗೇ ತುಂಬುತ್ತದೆ, ನಾನು ಹಾಗೇ ಖಾಲಿ ಮಾಡುತ್ತೇನೆ, ಇದನ್ನು ಎಷ್ಟು ಸಲ ಬರೆಯುವುದು. ಎರಡು ಸಲ ಕಾಗದ ತೆಗೆದು 'ಅಣ್ಣನಿಗೆ' ಅಂತ ಬರೆದು ಹಾಗೇ ಮಡಿಸಿ ಇಟ್ಟೆ. ಕೌಂಟರಿನ ಹುಡುಗಿ ಬೇರೆ ಕಡೆ ಕೆಲಸ ಸಿಕ್ಕಿ ಹೋದಳು. ಅವಳ ಜಾಗಕ್ಕೆ ಜನ ಯಾರೂ ಬರಲಿಲ್ಲ, ಸಾಮಾನು ತೋರಿಸಿದರೆ ತಾನೇ ಬಿಲ್ಲು ಕೊಡುವ ಯಂತ್ರ ಬಂತು. ಮೊದಲು ದಿನಕ್ಕೆ ನಾಲ್ಕು ಸಲವಾದರೂ ಆಂಟಿ ಅನ್ನುವವರಿದ್ದರು. ಈಗ ಆ ಯಂತ್ರ 'ಧನ್ಯವಾದ' ಅನ್ನುತ್ತದೆ, ನನಗಲ್ಲ.

ಇಷ್ಟೆಲ್ಲ ಆದ ಮೇಲೆ ನಾನೊಂದು ಕೆಲಸ ಮಾಡಿದ್ದೇನೆ. ಓದುವ ಮೊದಲು ಕೂತುಕೊ.

ಹೋದ ವಾರ ರಜೆಯ ದಿನ ಷೇರು ಕಚೇರಿಗೆ ಹೋಗಿದ್ದೆ. ಎರಡನೇ ಮಹಡಿ, ಗೋಡೆಯ ತುಂಬ ಅಂಕಿ ಓಡುವ ಪರದೆ. ಅಂಥ ಕಡೆ ಹೋಗಿದ್ದು ಇದೇ ಮೊದಲು. ಬಾಗಿಲಿನಲ್ಲೇ ಚಪ್ಪಲಿ ಬಿಡಬೇಕೇನೋ ಅಂತ ನಿಂತಿದ್ದೆ, ಗುಮಾಸ್ತೆ "ಹಾಗೇ ಬನ್ನಿ" ಅಂದಳು. ನನ್ನ ಬ್ಯಾಂಕಿನ ಪುಸ್ತಕ ಮುಂದಿಟ್ಟು, ಇದರಲ್ಲಿರುವ ನನ್ನ ಅರ್ಧಕ್ಕೆ ಷೇರು ಬೇಕು ಅಂದೆ.

"ಯಾವ ಕಂಪನಿದು?"

ಹೇಳಿದೆ. ಅವಳು ಯಂತ್ರ ಒತ್ತಿ ನೋಡಿ, "ಅಮ್ಮಾ, ಇದನ್ನ ನೀವು ಏಪ್ರಿಲ್‌ನಲ್ಲಿ ಮಾರಿದೀರಿ!" ಅಂದಳು.

"ಹೂಂ."

"ಈಗ ಅದರ ಬೆಲೆ ಎಲ್ಲಿದೆ ಗೊತ್ತಾ? ಆವತ್ತು ಮಾರಿದ್ದರಲ್ಲಿ ಅರ್ಧವೂ ವಾಪಸ್ ಬರಲ್ಲ ಈ ದುಡ್ಡಿಗೆ. ಇಳಿಯೋ ತನಕ ಕಾಯಿರಿ."

"ಕಾಯೋಕೆ ಆಗಲ್ಲ."

"ಅಂಥಾ ಅವಸರ ಏನಿದೆ?"

ಅವಸರ ಏನು ಅಂತ ಹೇಳಲಿ. ಬ್ಯಾಂಕಿನ ಪುಸ್ತಕವನ್ನು ಇನ್ನೊಂದಿಷ್ಟು ಅವಳ ಕಡೆ ತಳ್ಳಿದೆ. ಅವಳು ಒಳ್ಳೆಯವಳು, ಬೇರೆ ಕಂಪನಿಗಳ ಹೆಸರು ಹೇಳಿದಳು. ಸಿಮೆಂಟಿನದು, ಔಷಧಿಯದು, ಟೈರಿನದು. ಅದರಲ್ಲಿ ಯಾವುದನ್ನೂ ನಾನು ಕೈಯಲ್ಲಿ ಹಿಡಿದು ನೋಡಿದವಳಲ್ಲ. ಇದೇ ಸಾಕು ಅಂದೆ. ಆಗ ಅವಳು, "ನಿಮ್ಮೊಬ್ಬರ ಹೆಸರಿಗೆ ಮಾಡಲಾ? ಆಗ ಮಾರೋದೂ ಸುಲಭ, ಯಾರನ್ನೂ ಕೇಳಬೇಕಾಗಿಲ್ಲ" ಅಂದಳು. ಬೇಡ ಅಂದೆ. ಎರಡು ಹೆಸರಿಗೆ, ಹಿಂದಿನ ಹಾಗೇ. ಮೊದಲು ಅಣ್ಣನದು, ಆಮೇಲೆ ನನ್ನದು.

ದುಡ್ಡು ನನ್ನದೇ, ನಿನ್ನಿಂದ ಏನೂ ಬೇಡ. ಆದರೆ ಇಬ್ಬರ ಸಹಿಯೂ ಅವರ ಕೈ ಸೇರಿದ ಮೇಲೆಯೇ ಕೊಳ್ಳುತ್ತಾರಂತೆ. ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ನೀನು ಎಲ್ಲೆಲ್ಲಿ ಸಹಿ ಮಾಡಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಂಡು ಬಂದೆ. ಅಷ್ಟರಲ್ಲಿ ಬೆಲೆ ಇನ್ನೂ ಏರಿದರೆ ಏರಲಿ, ಬಿದ್ದರೆ ಬೀಳಲಿ, ನಿನಗೆ ಬಿಡುವಾದಾಗ ಮಾಡು.

ಕಡಿಮೆಗೆ ಮಾರಿ ಜಾಸ್ತಿಗೆ ಕೊಳ್ಳುವ ಇಂಥ ಮೂರ್ಖಳು ಲೋಕದಲ್ಲಿ ಇನ್ನೊಬ್ಬಳಿಲ್ಲ ಅಂತ ನೀನು ಬೈಯುತ್ತೀಯ. ಬೈಯುವುದಾದರೆ ಉದ್ದವಾಗಿ ಬೈ, ಕಳೆದ ಸಲದ ಹಾಗೆ ನಾಲ್ಕು ಸಾಲಿನಲ್ಲಿ ಮುಗಿಸಬೇಡ. ಏರಿದಾಗ ಮಾರೋಣ ಅಂತ ನೀನು ಬರಿ, ಬೇಡ ಅಂತ ನಾನು ಬರೆಯುತ್ತೇನೆ.

ಇನ್ನೊಂದೇ ಒಂದು. ಎರಡನೇ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಇಬ್ಬರಲ್ಲಿ ಒಬ್ಬರು ಮಾತ್ರ ಸಹಿ ಮಾಡಿದರೆ ಮಾರಲು ಬರುವುದಿಲ್ಲ ಅಂತ ಅದರ ಅರ್ಥ ಅಂದಳು ಗುಮಾಸ್ತೆ. ನಾನೂ ಬೆರಳಿಟ್ಟು ಓದಿದೆ, ಹಾಗೇ ಇದೆ ಅನ್ನಿಸಿತು. ಆದರೂ ನನ್ನ ಓದನ್ನು ನಂಬುವ ಹಾಗಿಲ್ಲ. ಸಹಿ ಮಾಡುವ ಮೊದಲು ಬೆಳಕಿನಲ್ಲಿ ಹಿಡಿದು ಆ ಸಾಲೊಂದನ್ನು ನೀನು ಮತ್ತೊಮ್ಮೆ ಸರಿಯಾಗಿ ನೋಡು.

ನಿನ್ನ ತಂಗಿ